ಎಂಜಿನ್ನಿಗೆ ಇಂಧನ ಸಾಲುತ್ತಿಲ್ಲವೇ? ಮೊದಲು ಅಳೆಯಿರಿ, ಆಮೇಲೆ ಬಿಚ್ಚಿ

ಸಣ್ಣ ಪಿಸ್ಟನ್ ವಿಮಾನದ ಎಂಜಿನ್ ಪೂರ್ತಿ ಥ್ರಾಟಲ್‌ನಲ್ಲಿ ಕೆಮ್ಮಲು ಶುರು ಮಾಡಿದರೆ ಎಲ್ಲರ ಕೈ ಮೊದಲು ಹೋಗುವುದು ಗಾಳಿಗೆ ಇಂಧನ ಬೆರೆಸುವ ಕಾರ್ಬುರೇಟರ್ ಕಡೆಗೇ. ಅದನ್ನು ಬಿಚ್ಚುತ್ತಾರೆ, ಓವರ್‌ಹಾಲ್‌ಗೆ ಕಳಿಸುತ್ತಾರೆ, ವಾರಗಟ್ಟಲೆ ಕಾಯುತ್ತಾರೆ, ತಿರುಗಿ ಕೂರಿಸಿ ಎಂಜಿನ್ ಚಾಲೂ ಮಾಡಿದರೆ ಅದೇ ಕೆಮ್ಮು. ಇದನ್ನು ನಾನು ಎಷ್ಟೋ ಸಲ ನೋಡಿದ್ದೇನೆ, ನೋಡಿದಾಗಲೆಲ್ಲ ಬೇಜಾರಾಗಿದೆ. ಯಾಕೆಂದರೆ ಕಾರ್ಬುರೇಟರ್ ಇರುವುದು ದಾರಿಯ ಕೊನೆಯಲ್ಲಿ. ಟ್ಯಾಂಕ್, ಅದರ ವೆಂಟ್ (ಗಾಳಿ ಒಳಬರುವ ಕೊಳವೆ), ಟ್ಯಾಂಕಿನ ಬಾಯಿಯ ಜಾಲರಿ, ಸೆಲೆಕ್ಟರ್ ವಾಲ್ವ್ (ಯಾವ ಟ್ಯಾಂಕಿನಿಂದ ಅಂತ ಆರಿಸುವ ವಾಲ್ವ್), ಗ್ಯಾಸ್ಕೊಲೇಟರ್ (ನೀರು, ಕಸ ತಡೆಯುವ ಬಟ್ಟಲು), ಹೋಸ್‌ಗಳು, ಪಂಪ್ ಇದ್ದರೆ ಪಂಪ್, ಇಷ್ಟೆಲ್ಲ ದಾಟಿ ಬಂದ ಇಂಧನ ಮಾತ್ರ ಅದಕ್ಕೆ ಸಿಗುತ್ತದೆ. ಅಲ್ಲಿವರೆಗೆ ಎಷ್ಟು ಬರುತ್ತಿದೆ ಅಂತ ಗೊತ್ತಿಲ್ಲದೆ ಕಾರ್ಬುರೇಟರ್ ಬಿಚ್ಚುವುದು ಬರೀ ಊಹೆ. ಒಂದು ಅಳತೆ ಡಬ್ಬ, ಒಂದು ಸ್ಟಾಪ್‌ವಾಚ್ ಇದ್ದರೆ ಈ ಊಹೆಯ ಅಗತ್ಯವೇ ಇಲ್ಲ.

ಅಳೆಯುವ ಮೊದಲು ಪೈಲಟ್ ಜೊತೆ ಕೂತು ಮಾತಾಡಿ. ಸಮಸ್ಯೆ ಯಾವಾಗ ಬರುತ್ತದೆ ಅನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ. ಟೇಕಾಫ್‌ನಲ್ಲಿ, ಮೂಗು ಮೇಲೆತ್ತಿ ಏರುವಾಗ ಮಾತ್ರ ಬರುತ್ತದೆಯೋ? ಹಾಗಿದ್ದರೆ ದಾರಿಯಲ್ಲಿ ಎಲ್ಲೋ ಇಕ್ಕಟ್ಟಾಗಿದೆ, ಕಡಿಮೆ ಬೇಕಾದಾಗ ಸಾಲುತ್ತದೆ, ಜಾಸ್ತಿ ಬೇಕಾದಾಗ ಸಾಲುವುದಿಲ್ಲ. ಹಾರಿ ಸ್ವಲ್ಪ ಹೊತ್ತು ಚೆನ್ನಾಗಿದ್ದು ಆಮೇಲೆ ನಿಧಾನಕ್ಕೆ ಸೊರಗುತ್ತದೆಯೋ? ವೆಂಟ್ ನೋಡಿ. ಎಡ ಟ್ಯಾಂಕಿನಲ್ಲಿ ಮಾತ್ರವೋ? ಹಾಗಾದರೆ ಸೆಲೆಕ್ಟರ್‌ನಿಂದ ಮುಂದಿರುವ ಎಲ್ಲವನ್ನೂ ಸದ್ಯಕ್ಕೆ ಬಿಟ್ಟುಬಿಡಬಹುದು, ಎರಡೂ ಟ್ಯಾಂಕಿಗೆ ಆ ದಾರಿ ಒಂದೇ ತಾನೇ. ಬಿಸಿಲಲ್ಲಿ ನಿಲ್ಲಿಸಿ ಮತ್ತೆ ಚಾಲೂ ಮಾಡಿದಾಗಲೋ? ಲೈನಿನಲ್ಲಿ ಇಂಧನ ಆವಿಯಾಗುತ್ತಿರಬಹುದು. ಇಳಿದ ಮೇಲೆ ಏನೂ ಆಗಿಲ್ಲ ಅನ್ನುವಂತೆ ಚೆನ್ನಾಗಿ ಓಡುತ್ತದೆಯೋ? ಇದಕ್ಕೆ ಕಾರ್ಬುರೇಟರ್ ಐಸ್ ಕಾರಣ ಇರಬಹುದು, ಅದರ ಬಗ್ಗೆ ಮುಂದೆ ಬರೆಯುತ್ತೇನೆ.

ಟ್ಯಾಂಕಿನಲ್ಲಿ ಇಂಧನ ಇದೆಯಾ ಅಂತ ಅಳತೆ ಕಡ್ಡಿ ಹಾಕಿ ನೋಡಿ, ಗೇಜ್ ನಂಬಬೇಡಿ. ಸ್ಯಾಂಪಲ್ ತೆಗೆದು ಬಣ್ಣ ನೋಡಿ. 100ಎಲ್‌ಎಲ್ ಅನ್ನುವ ಆವ್‌ಗ್ಯಾಸ್ (ವಿಮಾನದ ಪೆಟ್ರೋಲ್) ತಿಳಿ ನೀಲಿ. ನೀರಿದ್ದರೆ ತಳದಲ್ಲಿ ಬೇರೆಯಾಗಿ ಕೂತಿರುತ್ತದೆ. ಇಷ್ಟು ಸರಿ ಇದ್ದರೆ ಮುಂದಕ್ಕೆ.

ಎಷ್ಟು ಇಂಧನ ಬೇಕು ಅನ್ನುವ ಲೆಕ್ಕ ಕಷ್ಟದ್ದೇನಲ್ಲ. ಪೂರ್ತಿ ಥ್ರಾಟಲ್, ಪೂರ್ತಿ ರಿಚ್ ಮಿಕ್ಸ್ಚರ್‌ನಲ್ಲಿ (ಗಾಳಿ-ಇಂಧನದ ಮಿಶ್ರಣದಲ್ಲಿ ಇಂಧನ ಜಾಸ್ತಿ ಇದ್ದರೆ ರಿಚ್, ಕಡಿಮೆ ಇದ್ದರೆ ಲೀನ್; ಮಿಕ್ಸ್ಚರ್ ಹಿಡಿ ಎಳೆದಷ್ಟೂ ಲೀನ್) ಈ ಎಂಜಿನ್‌ಗಳು ಒಂದು ಹಾರ್ಸ್‌ಪವರ್‌ಗೆ ಗಂಟೆಗೆ ಸುಮಾರು ಕಾಲು ಕೆಜಿ ಇಂಧನ ಕುಡಿಯುತ್ತವೆ. ಒಂದು ಲೀಟರ್ ಆವ್‌ಗ್ಯಾಸ್ ಸುಮಾರು 0.72 ಕೆಜಿ ತೂಗುತ್ತದೆ. ಅಂದರೆ 160 ಹಾರ್ಸ್‌ಪವರ್‌ನ ಲೈಕಮಿಂಗ್ ಓ-320 ಎಂಜಿನ್‌ಗೆ ಟೇಕಾಫ್‌ನಲ್ಲಿ ಗಂಟೆಗೆ ಹತ್ತಿರ ಹತ್ತಿರ 55 ಲೀಟರ್. ಆದರೆ ಅಷ್ಟು ಬಂದರೆ ಸಾಕು ಅಂತ ಯಾರೂ ಹೇಳುವುದಿಲ್ಲ. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ನಿಯಮದಲ್ಲಿ 2017ರವರೆಗೆ ಬಹಳ ಕಾಲ ಇದ್ದ ಲೆಕ್ಕ ಹೀಗಿತ್ತು: ಗುರುತ್ವದಿಂದಲೇ ಇಂಧನ ಇಳಿದು ಬರುವ ವಿಮಾನದಲ್ಲಿ ಟೇಕಾಫ್ ಬಳಕೆಯ 150 ಶೇಕಡಾ ಹರಿಯಬೇಕು, ಪಂಪ್ ಇರುವ ವಿಮಾನದಲ್ಲಿ 125 ಶೇಕಡಾ. ಹಾಗಾಗಿ ಮೇಲು ರೆಕ್ಕೆಯ (ಟ್ಯಾಂಕ್ ಎಂಜಿನ್‌ಗಿಂತ ಮೇಲಿದ್ದು ಗುರುತ್ವದಿಂದಲೇ ಇಂಧನ ಇಳಿಯುವ) ವಿಮಾನದಲ್ಲಿರುವ ಓ-320ಗೆ ಗಂಟೆಗೆ 83 ಲೀಟರ್, ಅಂದರೆ ನಿಮಿಷಕ್ಕೆ 1.4 ಲೀಟರ್ ಬರಬೇಕು. 100 ಹಾರ್ಸ್‌ಪವರ್‌ನ ಕಾಂಟಿನೆಂಟಲ್ ಓ-200ಗೆ ನಿಮಿಷಕ್ಕೆ 0.9 ಲೀಟರ್ ಹತ್ತಿರ. ನಿಮ್ಮ ವಿಮಾನದ ಮ್ಯಾನುಯಲ್‌ನಲ್ಲಿ ಬೇರೆ ಅಂಕಿ ಇದ್ದರೆ ಅದೇ ಅಂತಿಮ. ನಾನು ಕೊಟ್ಟಿದ್ದು ಅಂದಾಜಿಗೆ.

ಈಗ ಅಳತೆ. ಹ್ಯಾಂಗರ್ ಒಳಗೆ ಬೇಡ, ಹೊರಗೆ ಮಾಡಿ. ವಿಮಾನಕ್ಕೂ ಡಬ್ಬಕ್ಕೂ ಅರ್ಥಿಂಗ್ ತಂತಿ ಹಾಕಿ. ಡಬ್ಬ ಲೋಹದ್ದೇ ಆಗಿರಲಿ, ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವ ಹಾಗಿರಲಿ. ಮ್ಯಾಗ್ನೆಟೋ (ಎಂಜಿನ್‌ಗೆ ಕಿಡಿ ಕೊಡುವ ಸಾಧನ) ಆಫ್ ಮಾಡಿ, ಕೀಲಿ ಜೇಬಿಗೆ ಹಾಕಿಕೊಳ್ಳಿ. ಇದರಲ್ಲಿ ಯಾವುದನ್ನೂ ಬಿಡಬೇಡಿ, ದಯವಿಟ್ಟು. ಕಾರ್ಬುರೇಟರ್‌ಗೆ ಬರುವ ಹೋಸ್ ಬಿಚ್ಚಿ, ಅದರ ತುದಿಯನ್ನು ಕಾರ್ಬುರೇಟರ್ ಬಾಯಿ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಎತ್ತರದಲ್ಲಿ ಹಿಡಿಯಿರಿ. ಇಲ್ಲಿ ತುಂಬ ಜನ ಎಡವುತ್ತಾರೆ. ಡಬ್ಬ ನೆಲದ ಮೇಲಿಟ್ಟು ಉದ್ದ ಹೋಸ್ ಇಳಿಬಿಟ್ಟರೆ ಆ ಹೋಸೇ ಇಂಧನವನ್ನು ಕೆಳಕ್ಕೆ ಎಳೆದುಕೊಳ್ಳುತ್ತದೆ, ಹರಿವು ಜಾಸ್ತಿ ಕಾಣುತ್ತದೆ, ಕೆಟ್ಟ ವಿಮಾನವೂ ಪಾಸಾಗುತ್ತದೆ. ಒಂದು ಮೀಟರ್ ಎತ್ತರದ ಆವ್‌ಗ್ಯಾಸ್ ಕೊಡುವ ಒತ್ತಡ ಸುಮಾರು 1 ಪಿಎಸ್‌ಐ (ಚದರ ಇಂಚಿಗೆ ಒಂದು ಪೌಂಡ್), ಅಷ್ಟೇ. ಮೇಲು ರೆಕ್ಕೆಯ ವಿಮಾನದಲ್ಲಿ ಎಂಜಿನ್‌ಗೆ ಸಿಗುವ ಬಲವೆಲ್ಲ ಹೆಚ್ಚುಕಡಿಮೆ ಅದೇ. ಅದರಲ್ಲಿ ಅರ್ಧ ಮೀಟರ್ ಆಚೀಚೆ ಆದರೆ ಅಳತೆಗೆ ಅರ್ಥವೇ ಉಳಿಯುವುದಿಲ್ಲ.

ಮೂಗು ಮೇಲಾಗಬೇಕು, ಏರುವಾಗ ಇರುವಷ್ಟು. ಬಾಲದ ಚಕ್ರದ ವಿಮಾನ ಹೇಗೂ ಮೂಗೆತ್ತಿಯೇ ನಿಂತಿರುತ್ತದೆ, ಆದರೂ ಆ ಕೋನ ಸಾಕಾ ಅಂತ ಅಳೆದು ನೋಡಿ. ಮೂಗಿನ ಚಕ್ರದ್ದಾದರೆ ಮ್ಯಾನುಯಲ್‌ನಲ್ಲಿ ಹೇಳಿದ ಹಾಗೆ ಬಾಲ ತಗ್ಗಿಸಿ ಭದ್ರವಾಗಿ ಕಟ್ಟಿ. ಟ್ಯಾಂಕಿನಲ್ಲಿ ಇಂಧನ ಕಡಿಮೆ ಇಟ್ಟು ಒಂದು ಸಲ ಅಳೆಯಿರಿ, ಯಾಕೆಂದರೆ ಆಗ ತಳ್ಳುವ ಒತ್ತಡ ಅತಿ ಕಡಿಮೆ. ಪೂರ್ತಿ ತುಂಬಿಸಿ ಇನ್ನೊಂದು ಸಲ ಅಳೆಯಿರಿ. ಎಡ, ಬಲ, ಬೋತ್ (ಎರಡೂ), ಸೆಲೆಕ್ಟರ್‌ನ ಪ್ರತಿ ಸ್ಥಾನದಲ್ಲೂ. ಕೇಳಲು ಬೇಸರದ ಕೆಲಸ ಅನ್ನಿಸಬಹುದು. ಆದರೆ ಅರ್ಧ ದಿನದಲ್ಲಿ ಮುಗಿಯುತ್ತದೆ, ಓವರ್‌ಹಾಲ್ ಆದ ಕಾರ್ಬುರೇಟರ್ ವಾಪಸ್ ಬರಲು ಕಾಯುವುದಕ್ಕಿಂತ ಎಷ್ಟೋ ವಾಸಿ.

ತುಂಬಿದ ಟ್ಯಾಂಕಿನಲ್ಲಿ ಯಾಕೆ ಅಳೆಯಬೇಕು ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ವೆಂಟ್ ಸಲುವಾಗಿ. ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದರೆ ಎಣ್ಣೆ ಸರಿಯಾಗಿ ಸುರಿಯುವುದಿಲ್ಲ ಅಲ್ವಾ, ಇಲ್ಲೂ ಅದೇ ಕತೆ. ಇಂಧನ ಹೊರಗೆ ಹೋದಷ್ಟು ಗಾಳಿ ಒಳಗೆ ಬರದಿದ್ದರೆ ಟ್ಯಾಂಕಿನ ಒಳಗಿನ ಒತ್ತಡ ಇಳಿಯುತ್ತದೆ. ಹೊರಗಿನ ವಾತಾವರಣದ ಒತ್ತಡ 14.7 ಪಿಎಸ್‌ಐ, ನಮ್ಮ ಕೈಲಿರುವ ಬಲ 1 ಪಿಎಸ್‌ಐ. ಅಂದರೆ ಒಳಗಿನ ಗಾಳಿಯ ಒತ್ತಡ ಬರೀ 7 ಶೇಕಡಾ ಇಳಿದರೆ ಸಾಕು, ಹರಿವು ನಿಂತೇ ಹೋಗುತ್ತದೆ. ಟ್ಯಾಂಕಿನಲ್ಲಿ 50 ಲೀಟರ್ ಖಾಲಿ ಜಾಗ ಇದ್ದರೆ ಮೂರೂವರೆ ಲೀಟರ್ ಹೊರಬರುವವರೆಗೂ ಎಂಜಿನ್ ಓಡುತ್ತದೆ. ಖಾಲಿ ಜಾಗ 5 ಲೀಟರ್ ಮಾತ್ರ ಇದ್ದರೆ? 350 ಮಿಲಿಲೀಟರ್‌ನಷ್ಟು ಹೋಗುವುದರೊಳಗೆ ಕತೆ ಮುಗಿಯುತ್ತದೆ. ನಿಜವಾದ ವಿಮಾನದಲ್ಲಿ ಮುಚ್ಚಳದ ಸಂದಿಯಿಂದ ಸ್ವಲ್ಪ ಗಾಳಿ ನುಸುಳುತ್ತದೆ, ಹಾಗಾಗಿ ಇಷ್ಟು ಬೇಗ ಆಗುವುದಿಲ್ಲ, ಎಳೆದಾಡಿಕೊಂಡು ಸೊರಗುತ್ತದೆ. ಅದೇ ನಮ್ಮನ್ನು ದಾರಿ ತಪ್ಪಿಸುವುದು. ಇದಕ್ಕಾಗಿಯೇ ಮೊದಲ ನಿಮಿಷದ ಅಳತೆ ಸಾಲದು ಅಂತ ನಾನು ಹಟ ಹಿಡಿಯುತ್ತೇನೆ. ಹರಿಯಲು ಬಿಡಿ, ನಿಮಿಷ ನಿಮಿಷಕ್ಕೂ ಬರೆದುಕೊಳ್ಳಿ. ಮೊದಲು ಚೆನ್ನಾಗಿದ್ದು ಬರಬರುತ್ತಾ ಕಡಿಮೆಯಾದರೆ ಮುಚ್ಚಳ ತೆಗೆಯಿರಿ. ಉಸ್ ಅಂತ ಗಾಳಿ ಒಳಗೆ ಎಳೆದುಕೊಂಡು ಹರಿವು ಮತ್ತೆ ಜೋರಾದರೆ ಕಳ್ಳ ಸಿಕ್ಕಿದ.

ವೆಂಟ್ ಕಟ್ಟಿಕೊಳ್ಳಲು ಹುಳುವೇ ಸಾಕು. ಮಣ್ಣಿನ ಗೂಡು ಕಟ್ಟುವ ಕಣಜಗಳಿಗೆ ಇಂಥ ಸಣ್ಣ ಕೊಳವೆ ಅಂದರೆ ಬಹಳ ಇಷ್ಟ, ವಿಮಾನ ಕೆಲವು ದಿನ ಸುಮ್ನೆ ನಿಂತರೆ ಒಳಗೆ ಮನೆ ಆಗಿರುತ್ತದೆ. ಕೆಲವು ವಿಮಾನಗಳಲ್ಲಿ ವೆಂಟ್ ಒಳಗೊಂದು ಸಣ್ಣ ವಾಲ್ವ್ ಇರುತ್ತದೆ, ಅದೂ ಅಂಟಿಕೊಳ್ಳುತ್ತದೆ. ಪರೀಕ್ಷೆಗೆ ವೆಂಟ್ ಬಾಯಿಗೆ ರಬ್ಬರ್ ಕೊಳವೆ ಸಿಕ್ಕಿಸಿ, ಮುಚ್ಚಳ ತೆಗೆದಿಟ್ಟು, ಬಾಯಿಂದ ಮೆಲ್ಲಗೆ ಊದಿ. ಕಂಪ್ರೆಸರ್ ಗಾಳಿ ಮಾತ್ರ ಬೇಡವೇ ಬೇಡ, ಟ್ಯಾಂಕ್ ಹೊಲಿಗೆ ಬಿಟ್ಟುಹೋಗುತ್ತದೆ.

ಮೊದಲ ನಿಮಿಷದಿಂದಲೇ ಹರಿವು ಕಡಿಮೆ ಇದ್ದು, ಹಾಗೇ ಒಂದೇ ಸಮನೆ ಇದ್ದರೆ ದಾರಿಯಲ್ಲಿ ತಡೆ ಇದೆ. ಆಗ ಮಧ್ಯದಲ್ಲಿ ಒಂದು ಜಾಗದಲ್ಲಿ ಬಿಚ್ಚಿ ಮತ್ತೆ ಅಳೆಯಿರಿ, ಗ್ಯಾಸ್ಕೊಲೇಟರ್ ಒಳಗೆ ಬರುವ ಲೈನ್ ಇದಕ್ಕೆ ಒಳ್ಳೆಯ ಜಾಗ. ಅಲ್ಲಿ ಚೆನ್ನಾಗಿದ್ದರೆ ತಡೆ ಮುಂದಿದೆ, ಇಲ್ಲದಿದ್ದರೆ ಹಿಂದಿದೆ. ಹೀಗೆ ಅರ್ಧ ಅರ್ಧ ಮಾಡುತ್ತಾ ಹೋದರೆ ಬೇಗ ಸಿಗುತ್ತದೆ. ಟ್ಯಾಂಕ್ ಬಾಯಿಯ ಜಾಲರಿಯಲ್ಲಿ ಒಣಗಿದ ಸೀಲೆಂಟ್ ಚೂರು, ಹಳೇ ಸ್ಲಾಶಿಂಗ್ ಕಾಂಪೌಂಡ್ (ಟ್ಯಾಂಕ್ ಒಳಗೆ ಬಳಿಯುವ ಲೇಪ) ಸಿಪ್ಪೆ, ಯಾರೋ ಥ್ರೆಡ್‌ಗೆ ಸುತ್ತಿದ ಟೆಫ್ಲಾನ್ ಟೇಪಿನ ಎಳೆ, ಇವೆಲ್ಲ ಸಿಗುತ್ತವೆ. ಇಂಧನದ ಫಿಟ್ಟಿಂಗ್‌ಗೆ ಟೆಫ್ಲಾನ್ ಟೇಪ್ ಸುತ್ತುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಒಂದು ಎಳೆ ಹರಿದು ಹೋದರೆ ಅದು ಎಲ್ಲಿ ಹೋಗಿ ಕೂರುತ್ತದೋ ಯಾರಿಗೂ ಗೊತ್ತಿರುವುದಿಲ್ಲ.

ಹೋಸ್ ಬಗ್ಗೆ ಇನ್ನೂ ಎರಡು ಮಾತು ಹೇಳಬೇಕು, ಯಾಕೆಂದರೆ ಇದು ಅತಿ ಕೆಟ್ಟ ದೋಷ. ಹಳೇ ರಬ್ಬರ್ ಹೋಸಿನ ಒಳಪದರ ಹೊರಪದರದಿಂದ ಬಿಟ್ಟುಕೊಳ್ಳುತ್ತದೆ. ಹೊರಗಿಂದ ನೋಡಿದರೆ ಹೊಸದರಂತೆ ಇರುತ್ತದೆ. ಒಳಗೆ ಒಂದು ನಾಲಿಗೆ ಎದ್ದಿರುತ್ತದೆ, ನಿಧಾನ ಹರಿದರೆ ಅದು ಮಲಗಿಯೇ ಇರುತ್ತದೆ, ಜೋರಾಗಿ ಹರಿದರೆ ಎದ್ದು ನಿಂತು ದಾರಿ ಮುಚ್ಚುತ್ತದೆ. ಐಡಲ್‌ನಲ್ಲಿ ಸರಿ, ಕ್ರೂಸ್‌ನಲ್ಲೂ ಸರಿ, ಟೇಕಾಫ್‌ನಲ್ಲಿ ಮಾತ್ರ ತೊಂದರೆ. ಹಿಂದಿನಿಂದ ಊದಿದರೆ ಗಾಳಿ ಸಲೀಸಾಗಿ ಹೋಗುತ್ತದೆ, ಹಾಗಾಗಿ ಊದಿ ನೋಡಿ ಸರಿ ಇದೆ ಅಂತ ಮತ್ತೆ ಕೂರಿಸಿಬಿಡುತ್ತಾರೆ. ಹರಿವಿನ ದಿಕ್ಕಿನಲ್ಲೇ ಪರೀಕ್ಷಿಸಿ, ಹೋಸ್ ಮೇಲಿನ ತಾರೀಕು ಓದಿ. ರೋಟಾಕ್ಸ್ 912 ಸರಣಿಯಲ್ಲಿ ರಬ್ಬರ್ ಭಾಗಗಳನ್ನು 5 ವರ್ಷಕ್ಕೊಮ್ಮೆ ಬದಲಿಸಿ ಅಂತಲೇ ಇದೆ. ಬೇರೆ ಎಂಜಿನ್‌ನವರೂ ವಯಸ್ಸಾದ ಹೋಸ್ ಮೇಲೆ ಕರುಣೆ ತೋರಿಸಬೇಕಾಗಿಲ್ಲ.

ಸೆಲೆಕ್ಟರ್ ವಾಲ್ವ್ ಹಿಡಿ ತಿರುಗಿಸುವಾಗ ಕೈಗೆ ಟಕ್ ಅಂತ ಪ್ರತಿ ಸ್ಥಾನವೂ ಸಿಗಬೇಕು. ಸಿಗದಿದ್ದರೆ ಒಳಗೆ ಅರ್ಧ ತೆರೆದಿರಬಹುದು. ಬಿಗಿಯಾಗಿ ತಿರುಗುವ ವಾಲ್ವ್ ಅನ್ನು ನಾಳೆ ನೋಡೋಣ ಅಂತ ಬಿಡಬೇಡಿ. ಗಾಯಕ ಜಾನ್ ಡೆನ್ವರ್ 1997ರ ಅಕ್ಟೋಬರ್ 12ರಂದು ಲಾಂಗ್-ಈಝೀ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಆ ವಿಮಾನದ ಸೆಲೆಕ್ಟರ್ ಹಿಡಿ ಪೈಲಟ್‌ನ ಎಡ ಭುಜದ ಹಿಂದಿತ್ತು, ಅದನ್ನು ತಿರುಗಿಸಲು ಹೋದಾಗ ವಿಮಾನದ ಹಿಡಿತ ತಪ್ಪಿತು ಅನ್ನುವುದು ಅಮೆರಿಕದ ಅಪಘಾತ ತನಿಖಾ ಮಂಡಳಿ ಎನ್‌ಟಿಎಸ್‌ಬಿಯ ತೀರ್ಮಾನ. ಕೈಗೆ ಎಟುಕದ, ಸುಲಭಕ್ಕೆ ತಿರುಗದ ಹಿಡಿಯೂ ಇಂಧನ ವ್ಯವಸ್ಥೆಯ ದೋಷವೇ.

ಕೆಳ ರೆಕ್ಕೆಯ ವಿಮಾನದಲ್ಲಿ ಆಟ ಬದಲಾಗುತ್ತದೆ. ಅಲ್ಲಿ ಪಂಪ್ ಇಂಧನವನ್ನು ಹೀರಿ ಮೇಲಕ್ಕೆ ತರಬೇಕು. ಹೀರುವ ಬದಿಯಲ್ಲಿ ಸೋರಿಕೆ ಇದ್ದರೆ ಇಂಧನ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ನೀಲಿ ಕಲೆಯೂ ಇಲ್ಲ, ವಾಸನೆಯೂ ಇಲ್ಲ. ಡಬ್ಬಕ್ಕೆ ಬೀಳುವ ಧಾರೆಯಲ್ಲಿ ಗುಳ್ಳೆ ಬರುತ್ತಿದ್ದರೆ ಗ್ಯಾಸ್ಕೊಲೇಟರ್ ಬಟ್ಟಲಿನ ಗ್ಯಾಸ್ಕೆಟ್, ಸೆಲೆಕ್ಟರ್‌ನ ಓ-ರಿಂಗ್, ಸಡಿಲವಾದ ಬಿ-ನಟ್ (ಲೈನ್ ಜೋಡಿಸುವ ನಟ್) ಹುಡುಕಿ. ಟಿಕ್ ಟಿಕ್ ಅನ್ನುವ ಫ್ಯಾಸೆಟ್ ಕಂಪನಿಯ ವಿದ್ಯುತ್ ಪಂಪ್ ಇದ್ದರೆ ಕಿವಿ ಕೊಡಿ. ಕಾರ್ಬುರೇಟರ್ ಬಟ್ಟಲು ತುಂಬಿದ ಮೇಲೆ ಅದು ನಿಧಾನವಾಗಬೇಕು. ಬಡಬಡ ಅಂತ ಬಡಿದುಕೊಳ್ಳುತ್ತಲೇ ಇದ್ದರೆ ಅದಕ್ಕೆ ಗಾಳಿ ಸಿಗುತ್ತಿದೆ, ಇಲ್ಲವೇ ಇಂಧನ ಎಲ್ಲೋ ಹರಿದು ಹೋಗುತ್ತಿದೆ.

ಹೀರುವ ಬದಿಯಲ್ಲಿ ಒತ್ತಡ ಕಡಿಮೆ ಇರುವುದರಿಂದ ಇಂಧನ ಬೇಗ ಕುದಿಯುತ್ತದೆ ಕೂಡ. ಆವ್‌ಗ್ಯಾಸ್‌ನ ಆವಿ ಒತ್ತಡ 38ರಿಂದ 49 ಕಿಲೋಪಾಸ್ಕಲ್ ನಡುವೆ ಇರಬೇಕು ಅಂತ ಮಾನದಂಡವಿದೆ. ಕಾರಿನ ಪೆಟ್ರೋಲ್‌ದು ಇದಕ್ಕಿಂತ ಬಹಳ ಮೇಲಕ್ಕೆ ಹೋಗಬಹುದು, ಕಾಲಕ್ಕೆ ತಕ್ಕ ಹಾಗೆ ಬದಲಾಗುತ್ತದೆ. ಕಾರಿನ ಪೆಟ್ರೋಲ್‌ಗೆ ಅನುಮತಿ ಇರುವ ಎಂಜಿನ್‌ನಲ್ಲೂ ಎಕ್ಸಾಸ್ಟ್ ಪಕ್ಕದಲ್ಲಿ ಹಾದುಹೋಗುವ ಹೋಸ್ ಇದ್ದರೆ ವೇಪರ್ ಲಾಕ್ (ಆವಿ ತುಂಬಿಕೊಂಡು ಇಂಧನ ನಿಲ್ಲುವುದು) ಆಗಬಹುದು. ಫೈರ್‌ಸ್ಲೀವ್ (ಬೆಂಕಿ ತಡೆಯುವ ಹೊದಿಕೆ) ಹಾಕಿ, ಹೀಟ್ ಶೀಲ್ಡ್ ಹಾಕಿ, ಸಾಧ್ಯವಾದರೆ ಲೈನ್ ದೂರ ಸರಿಸಿ.

ಕಾರ್ಬುರೇಟರ್ ಬಾಯಿಗೆ ಬೇಕಾದಷ್ಟು ಇಂಧನ ಬರುತ್ತಿದೆ ಅಂತ ಖಚಿತವಾಯಿತು ಅನ್ನಿ. ಈಗ ಕಾರ್ಬುರೇಟರ್ ಮುಟ್ಟಬಹುದು. ಮೊದಲು ಅದರ ಬಾಯಲ್ಲಿರುವ ಸಣ್ಣ ಜಾಲರಿ, ಆಮೇಲೆ ಬಟ್ಟಲಿನಲ್ಲಿ ಇಂಧನದ ಮಟ್ಟ ಕಾಯುವ ನೀಡಲ್, ಫ್ಲೋಟ್ (ತೇಲುವ ಭಾಗ). ರೋಟಾಕ್ಸ್‌ನ ಬಿಂಗ್ ಕಾರ್ಬುರೇಟರ್‌ನಲ್ಲಿ ಫ್ಲೋಟ್ ಜೋಡಿಯ ತೂಕ 7 ಗ್ರಾಂ ದಾಟಬಾರದು. ಇಂಧನ ಹೀರಿ ಭಾರವಾದ ಫ್ಲೋಟ್ ಮುಳುಗುತ್ತದೆ, ಬಟ್ಟಲು ಉಕ್ಕುತ್ತದೆ, ಒಂದು ಬದಿಯ ಸಿಲಿಂಡರ್‌ಗಳಿಗೆ ಜಾಸ್ತಿ ಇಂಧನ ಹೋಗಿ ಎಂಜಿನ್ ನಡುಗುತ್ತದೆ. ಇದು ಕೊರತೆಯ ಉಲ್ಟಾ ದೋಷ, ಆದರೆ ಕೂತವರಿಗೆ ಎರಡೂ ಒಂದೇ ತರಹ ಅನ್ನಿಸುತ್ತದೆ. ಕೊರತೆಯೋ ಅತಿಯೋ ಅಂತ ತಿಳಿಯಲು ಸುಲಭದ ದಾರಿ ಇದೆ. ಐಡಲ್‌ನಲ್ಲಿ ಮಿಕ್ಸ್ಚರ್ ನಿಧಾನಕ್ಕೆ ಎಳೆಯಿರಿ. ಎಂಜಿನ್ ನಿಲ್ಲುವ ಮೊದಲು 25ರಿಂದ 50 ಆರ್‌ಪಿಎಂ ಏರಿದರೆ ಸರಿ. ಏರದೇ ಸತ್ತರೆ ಮೊದಲೇ ಲೀನ್ ಇತ್ತು, ಬಹಳ ಏರಿದರೆ ರಿಚ್. ಪವರ್‌ನಲ್ಲಿ ಒರಟಾಗಿ ಓಡುವಾಗ ಕಾರ್ಬ್ ಹೀಟ್ (ಕಾರ್ಬುರೇಟರ್‌ಗೆ ಬಿಸಿ ಗಾಳಿ ಕೊಡುವ ಹಿಡಿ) ಎಳೆದರೆ ಬಿಸಿ ಗಾಳಿ ತೆಳ್ಳಗಿರುವುದರಿಂದ ಮಿಶ್ರಣ ರಿಚ್ ಆಗುತ್ತದೆ. ಅದರಿಂದ ಎಂಜಿನ್ ನಯವಾದರೆ ಕೊರತೆ ಇತ್ತು ಅಂತಲೇ ಅರ್ಥ. ಇಲ್ಲವೇ ಐಸ್ ಇತ್ತು.

ಹೌದು, ಐಸ್. ಕಾರ್ಬುರೇಟರ್‌ನ ಇಕ್ಕಟ್ಟಾದ ಕೊರಳು, ಅಂದರೆ ವೆಂಚುರಿಯಲ್ಲಿ ಗಾಳಿಯ ತಾಪಮಾನ 35 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಕುಸಿಯಬಹುದು. ಹಾಗಾಗಿ ಹೊರಗೆ ಬೆಚ್ಚಗಿದ್ದರೂ ತೇವ ಇದ್ದರೆ ಒಳಗೆ ಮಂಜುಗಡ್ಡೆ ಕಟ್ಟುತ್ತದೆ. ಮೆಕ್ಯಾನಿಕ್ ಬರುವಷ್ಟರಲ್ಲಿ ಸಾಕ್ಷಿ ಕರಗಿ ಹೋಗಿರುತ್ತದೆ. ಇಂಧನ ವ್ಯವಸ್ಥೆ ಪೂರ್ತಿ ಅಳೆದರೂ ಏನೂ ಸಿಗದಿದ್ದರೆ ಆ ದಿನದ ತಾಪಮಾನ, ತೇವ ಎಷ್ಟಿತ್ತು ಅಂತ ಹವಾಮಾನ ವರದಿ ತೆಗೆದು ನೋಡಿ.

ಇಂಜೆಕ್ಷನ್ ಎಂಜಿನ್ (ಕಾರ್ಬುರೇಟರ್ ಬದಲು ಪ್ರತಿ ಸಿಲಿಂಡರ್‌ಗೂ ಒಂದು ನಾಝಲ್ ಇಂಧನ ಚಿಮ್ಮಿಸುವಂಥದ್ದು) ಇದ್ದವರು ಇಲ್ಲಿಂದ ಮುಂದೆ ಗಮನವಿಟ್ಟು ಓದಿ. ಪ್ಯಾನೆಲ್‌ನಲ್ಲಿ ಫ್ಯೂಯಲ್ ಫ್ಲೋ ಅಂತ ಬರೆದಿರುವ ಹಳೇ ಮುಳ್ಳಿನ ಗೇಜ್ ಹರಿವನ್ನು ಅಳೆಯುವುದೇ ಇಲ್ಲ. ಅದು ಫ್ಲೋ ಡಿವೈಡರ್‌ನಲ್ಲಿರುವ (ನಾಝಲ್‌ಗಳಿಗೆ ಇಂಧನ ಹಂಚುವ ಭಾಗದಲ್ಲಿರುವ) ಒತ್ತಡವನ್ನು ಅಳೆದು ಗಂಟೆಗೆ ಇಷ್ಟು ಅಂತ ತೋರಿಸುತ್ತದೆ. ಎಲ್ಲ ನಾಝಲ್ ಶುದ್ಧವಾಗಿದ್ದಾಗ ಲೆಕ್ಕ ಸರಿಯೇ. ಒಂದು ನಾಝಲ್ ಕಟ್ಟಿಕೊಂಡರೆ ದಾರಿ ಇಕ್ಕಟ್ಟಾಗಿ ಒತ್ತಡ ಏರುತ್ತದೆ, ಗೇಜ್ ಜಾಸ್ತಿ ತೋರಿಸುತ್ತದೆ. ಅಲ್ಲಿ ಒಂದು ಸಿಲಿಂಡರ್ ಇಂಧನವಿಲ್ಲದೆ ಒಣಗುತ್ತಿದೆ, ಇಲ್ಲಿ ಪೈಲಟ್ ಫ್ಲೋ ಜಾಸ್ತಿ ಇದೆ ಅಂದುಕೊಂಡು ಮಿಕ್ಸ್ಚರ್ ಇನ್ನಷ್ಟು ಎಳೆಯುತ್ತಾನೆ! ಇದಕ್ಕಿಂತ ಅಪಾಯದ ತಪ್ಪು ಓದು ಇನ್ನೊಂದಿಲ್ಲ. ಹರಿವನ್ನೇ ಅಳೆಯುವ ಟರ್ಬೈನ್ ಟ್ರಾನ್ಸ್‌ಡ್ಯೂಸರ್ ಇದ್ದರೆ ಈ ಮೋಸ ಇಲ್ಲ, ಆದರೆ ಅದರಲ್ಲಿ ಗಾಳಿ ಗುಳ್ಳೆ ಹಾದರೆ ಚಕ್ರ ಜೋರಾಗಿ ತಿರುಗಿ ಅಂಕಿ ಕುಣಿಯುತ್ತದೆ. ಪ್ರತಿ ಸಿಲಿಂಡರ್‌ಗೂ ಇಜಿಟಿ (ಎಕ್ಸಾಸ್ಟ್ ತಾಪಮಾನದ ಗೇಜ್) ಇದ್ದರೆ ಯಾವುದು ಬೇರೆ ದಾರಿ ಹಿಡಿದಿದೆ ಅಂತ ಕೂಡಲೇ ಕಾಣುತ್ತದೆ.

ಇದಕ್ಕೂ ಡಬ್ಬದ ಪರೀಕ್ಷೆಯೇ ಮದ್ದು. ಎಂಜಿನ್ ತಣ್ಣಗಿರುವಾಗ ನಾಝಲ್‌ಗಳನ್ನು ಸಿಲಿಂಡರ್‌ನಿಂದ ಬಿಚ್ಚಿ, ಲೈನಿಗೆ ಹಾಗೇ ಸಿಕ್ಕಿಸಿಟ್ಟು, ಒಂದೇ ಅಳತೆಯ ಪಾತ್ರೆಗಳಲ್ಲಿ ಇಳಿಬಿಡಿ. ಥ್ರಾಟಲ್ ತೆರೆದು, ಮಿಕ್ಸ್ಚರ್ ರಿಚ್ ಇಟ್ಟು, ಬೂಸ್ಟ್ ಪಂಪ್ ಸ್ವಲ್ಪ ಹೊತ್ತು ಓಡಿಸಿ. ಎಲ್ಲದರಲ್ಲೂ ಮಟ್ಟ ಒಂದೇ ಇರಬೇಕು. ಒಂದರಲ್ಲಿ ಕಡಿಮೆ ಬಂದರೆ ಆ ನಾಝಲ್ ಅನ್ನು ಪಕ್ಕದ ಲೈನಿಗೆ ಹಾಕಿ ಮತ್ತೆ ನೋಡಿ. ಕೊರತೆ ನಾಝಲ್ ಜೊತೆ ಹೋದರೆ ನಾಝಲ್ ಕೆಟ್ಟಿದೆ, ಲೈನಿನಲ್ಲೇ ಉಳಿದರೆ ಲೈನ್ ಅಥವಾ ಡಿವೈಡರ್. ನಾಝಲ್ ಅನ್ನು ತಯಾರಕರು ಹೇಳಿದ ದ್ರಾವಣದಲ್ಲಿ ನೆನೆಸಿ, ಗಾಳಿ ಊದಿ ಸ್ವಚ್ಛ ಮಾಡಿ. ತಂತಿ ಚುಚ್ಚಬೇಡಿ, ರಂಧ್ರದ ಅಳತೆ ಹಾಳಾದರೆ ಆ ನಾಝಲ್ ಮುಗಿಯಿತು. ಯಾವುದು ಯಾವ ಸಿಲಿಂಡರ್‌ದು ಅಂತ ಗುರುತು ಹಾಕಿಡಿ.

ದೋಷ ಸಿಕ್ಕಿ ಸರಿ ಮಾಡಿದ ಮೇಲೆ ಇಡೀ ಅಳತೆ ಮತ್ತೆ ಮಾಡಬೇಕು, ಬರೀ ಆ ಟ್ಯಾಂಕ್ ಅಂತ ಬಿಡಬಾರದು. ಬಿಚ್ಚಿದ ಪ್ರತಿ ಜೋಡಣೆಯನ್ನೂ ಸೋರಿಕೆಗೆ ನೋಡಿ, ಸೇಫ್ಟಿ ವೈರ್ ಹಾಕಿ, ಲೈಸೆನ್ಸ್ ಇರುವ ಎಂಜಿನಿಯರ್ ಸಹಿ ಆಗಲಿ. ನೆಲದ ಮೇಲೆ ಪೂರ್ತಿ ಪವರ್ ಕೊಟ್ಟು, ಸಿಲಿಂಡರ್ ಹೆಡ್ ತಾಪಮಾನ ನೋಡಿಕೊಂಡು ಸ್ವಲ್ಪ ಹೊತ್ತು ಓಡಿಸಿ, ಕೊರತೆ ಇದ್ದರೆ ಬಟ್ಟಲಿನಲ್ಲಿದ್ದ ಇಂಧನ ಖಾಲಿಯಾದ ಮೇಲೆಯೇ ಅದು ಕಾಣುವುದು. ಮೊದಲ ಹಾರಾಟ ರನ್‌ವೇ ಮೇಲೆಯೇ ಸುತ್ತುತ್ತಾ, ಒಬ್ಬರೇ. ಪ್ರತಿ ಟ್ಯಾಂಕಿನ ಪ್ರತಿ ನಿಮಿಷದ ಲೀಟರ್ ಲೆಕ್ಕ, ಟ್ಯಾಂಕಿನಲ್ಲಿದ್ದ ಮಟ್ಟ, ಮೂಗಿನ ಕೋನ, ತಾರೀಕು, ಇಷ್ಟನ್ನೂ ಲಾಗ್‌ಬುಕ್‌ನಲ್ಲಿ ಬರೆದಿಡಿ. ಮುಂದಿನ ವರ್ಷ ಬೇರೆ ಯಾರೋ ಅದೇ ವಿಮಾನವನ್ನು ಅಳೆದಾಗ ನಿಮಿಷಕ್ಕೆ ಕಾಲು ಲೀಟರ್ ಕಡಿಮೆ ಬಂದರೆ, ಎಂಜಿನ್ ಇನ್ನೂ ಕೆಮ್ಮುವ ಮೊದಲೇ ಅವರು ಜಾಲರಿ ತೆಗೆದು ನೋಡುತ್ತಾರೆ.